ಪ್ರಶ್ನೆ ಮಾತ್ರ ಓದಿದವನು

ಒದ್ದೆ ಬೆಡ್‌ಶೀಟಿನ ಒಂದು ತುದಿ ಅವಳ ಕೈಯಲ್ಲಿತ್ತು, ಇನ್ನೊಂದು ಅವಳನ್ನು ಸಾಕಿದ ಸೋದರತ್ತೆಯ ಕೈಯಲ್ಲಿ. ಇಬ್ಬರೂ ಎದುರುಬದುರು ನಿಂತು ಹಿಂಡುತ್ತಿದ್ದರು. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು.

ಅತ್ತೆ ಹೋಗಿ ಬಾಗಿಲು ತೆಗೆದು, ಬಂದವನನ್ನು ನೇರವಾಗಿ ಹಿತ್ತಲಿಗೇ ಕರೆತಂದಳು. "ಹಿಡ್ಕೊಳಪ್ಪ ಇದನ್ನ. ನನ್ನ ಸೊಂಟ ಬಿದ್ದೇ ಹೋಯ್ತು. ಟೀ ಇಡ್ತೀನಿ," ಎಂದು ಬೆಡ್‌ಶೀಟಿನ ತುದಿಯನ್ನು ಅವನ ಕೈಗೆ ತುರುಕಿ ಒಳಗೆ ನಡೆದೇಬಿಟ್ಟಳು.

ಅವಳು ತಲೆಯೆತ್ತಿ ನೋಡಿದಳು.

ರೇಡಿಯೋ!

ಎಂಜಿನಿಯರಿಂಗ್ ಮೂರನೇ ವರ್ಷದ ತರಗತಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ಗಟ್ಟಿಯಾಗಿ ಓದದಿದ್ದರೆ ಅವನಿಗೆ ಒಂದಕ್ಷರವೂ ತಲೆಗೆ ಹತ್ತುತ್ತಿರಲಿಲ್ಲ. ಅವಳ ಅಡ್ಡಹೆಸರು ಸ್ಪ್ಯಾನರ್. ವರ್ಕ್‌ಶಾಪಿನಲ್ಲಿ ಕೆಟ್ಟ ಯಂತ್ರ ಯಾವುದೇ ಇರಲಿ, ಮೊದಲ ಕೂಗು ಅವಳಿಗೇ.

ಪರೀಕ್ಷೆಯ ಆ ದಿನದ ನಂತರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ಯಾಕೆ ಬಂದೆ?" ಅವಳ ದನಿ ಒರಟಾಗಿತ್ತು.

"ನಿನ್ನ ವರ್ನಿಯರ್ ಸ್ಕೇಲ್ ನನ್ನ ಬ್ಯಾಗಲ್ಲೇ ಉಳ್ಕೊಂಡಿತ್ತು. ಕೊಟ್ಟು ಹೋಗೋಣ ಅಂತ."

"ಅಷ್ಟೇನಾ?"

"ಅಷ್ಟೇ."

ಅವಳು ಸಿಟ್ಟಿನಿಂದ ಬಟ್ಟೆ ತಿರುಚಿದಳು. ಅವನೂ ತಿರುಚಿದ. ಇಬ್ಬರೂ ಒಂದೇ ದಿಕ್ಕಿಗೆ ತಿರುಚಿದ್ದರಿಂದ ಒಂದು ಹನಿ ನೀರೂ ಇಳಿಯಲಿಲ್ಲ.

"ಹಿಂಡ್ತಿದ್ದೀರೋ, ಹಗ್ಗ ಜಗ್ಗಾಟ ಆಡ್ತಿದ್ದೀರೋ?" ಅಡುಗೆಮನೆಯಿಂದ ಅತ್ತೆ ಕೂಗಿದಳು.

ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು...

ಅಕ್ಷರಗಳೆಂದರೆ ಅವಳಿಗೆ ಸಕ್ಕರೆ ಡಬ್ಬಿಗೆ ಬಿದ್ದ ಇರುವೆಗಳು. ಹಿಡಿಯಲು ಹೋದರೆ ಚೆಲ್ಲಾಪಿಲ್ಲಿ. ಶಾಲೆಯಲ್ಲಿ ಎದ್ದು ನಿಂತು ಓದು ಎಂದಾಗಲೆಲ್ಲ ತರಗತಿಯೇ ನಕ್ಕಿತ್ತು. ಸೋಮಾರಿ ಎಂದರು, ದಡ್ಡಿ ಎಂದರು. ಕಾಲೇಜಿಗೆ ಸೇರಿದ ಹೊಸದರಲ್ಲಿ ಒಬ್ಬ ಡಾಕ್ಟರಮ್ಮ ಪರೀಕ್ಷಿಸಿ, "ಇದಕ್ಕೆ ಡಿಸ್ಲೆಕ್ಸಿಯಾ ಅಂತಾರಮ್ಮ. ಬುದ್ಧಿಗೇನೂ ಕೊರತೆ ಇಲ್ಲ. ಈ ಸರ್ಟಿಫಿಕೇಟಿನ ಜೊತೆ ಪ್ರಿನ್ಸಿಪಾಲರಿಗೆ ಒಂದು ಪತ್ರ ಕೊಡು. ಪ್ರಶ್ನೆ ಓದಿ ಹೇಳೋಕೆ ಒಬ್ಬರನ್ನ ಕೊಡ್ತಾರೆ, ಜಾಸ್ತಿ ಟೈಮೂ ಕೊಡ್ತಾರೆ," ಎಂದಿದ್ದರು.

ಅವಳು ಪತ್ರ ಬರೆದಳು. ಫೋನಿಗೆ ಬಾಯಲ್ಲಿ ಹೇಳಿ ಹೇಳಿ ಬರೆಸಿದಳು. ಆದರೆ ಕಳಿಸಲಿಲ್ಲ. ಕಳಿಸಿದರೆ ಎಲ್ಲರಿಗೂ ಗೊತ್ತಾಗುತ್ತದಲ್ಲ, ಓದಲು ಬಾರದವಳು ಎಂಜಿನಿಯರ್ ಆಗಲು ಬಂದಿದ್ದಾಳೆ ಎಂದು!

ಗೊತ್ತಿದ್ದುದು ರೇಡಿಯೋ ಒಬ್ಬನಿಗೆ. ಲೈಬ್ರರಿಯ ಹಿಂದಿನ ಮೆಟ್ಟಿಲ ಮೇಲೆ ಅವನು ಗಟ್ಟಿಯಾಗಿ ಓದುತ್ತಿದ್ದ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಕೇಳುತ್ತ ಕೇಳುತ್ತ ಇಡೀ ಗೇರ್‌ಬಾಕ್ಸ್ ಅವಳ ಕಣ್ಣೊಳಗೆ ತಿರುಗತೊಡಗುತ್ತಿತ್ತು. ಎಲ್ಲಿ ತಪ್ಪಿದೆ, ಯಾವ ಹಲ್ಲಿಗೆ ಭಾರ ಬಿದ್ದಿದೆ ಎಂದು ಅವಳು ಬೆರಳಲ್ಲಿ ಗಾಳಿಯಲ್ಲೇ ಬರೆದು ತೋರಿಸಿದರೆ ಅವನು ಬೆರಗಾಗುತ್ತಿದ್ದ. "ಯಾರಿಗೂ ಹೇಳಲ್ಲ ಅಂತ ಮಾತು ಕೊಡು," ಎಂದು ಅವನಿಂದ ಕೈಮೇಲೆ ಕೈ ಹಾಕಿಸಿಕೊಂಡಿದ್ದಳು.

ಆಮೇಲೆ ಆ ಪರೀಕ್ಷೆ. ಮೊದಲ ಪ್ರಶ್ನೆಯೇ ಅರ್ಧ ಪುಟ! ಓದಿದಷ್ಟೂ ಸಾಲುಗಳು ಒಂದರೊಳಗೊಂದು ಹೊಕ್ಕವು. ಅವಳ ಬೆವರು ಕಾಗದದ ಮೇಲೆ ತೊಟ್ಟಿಕ್ಕಿತು. ಪಕ್ಕದ ಬೆಂಚಿನಲ್ಲಿದ್ದ ಅವನಿಗೆ ತಡೆಯಲಾಗಲಿಲ್ಲ. ಮೆಲ್ಲಗೆ ಪಿಸುಗುಟ್ಟಿದ. ಉತ್ತರವನ್ನಲ್ಲ, ಪ್ರಶ್ನೆಯನ್ನು! ಎರಡು ಸಾಲು ಮುಗಿಯುವಷ್ಟರಲ್ಲಿ ಮೇಲ್ವಿಚಾರಕರು ಬಂದು ಇಬ್ಬರ ಪೇಪರನ್ನೂ ಕಿತ್ತುಕೊಂಡರು.

ಮಾಲ್‌ಪ್ರ್ಯಾಕ್ಟೀಸ್ ಕೇಸ್.

ವಿಚಾರಣೆಗೆ ಅವಳು ಹೋಗಲೇ ಇಲ್ಲ. ಅವನು ಹೋದನೆಂದು ತಿಳಿಯಿತು. ಹೋದವನು ಎಲ್ಲವನ್ನೂ ಹೇಳಿರುತ್ತಾನೆ, ಇಡೀ ಕಾಲೇಜು ತನ್ನನ್ನು ನೋಡಿ ನಗುತ್ತಿರುತ್ತದೆ ಎಂದು ಫೋನ್ ಆಫ್ ಮಾಡಿ ಮನೆಯೊಳಗೆ ಸೇರಿಕೊಂಡಿದ್ದಳು. ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು. ಇನ್ನು ತನ್ನ ಬದುಕು ಇಷ್ಟೇ ಎಂದುಕೊಂಡಿದ್ದಳು.

"ಎಲ್ಲಾ ಹೇಳ್ಬಿಟ್ಟೆ ಅಲ್ವಾ?" ಅವಳು ಕೇಳಿಯೇಬಿಟ್ಟಳು. "ಖುಷಿನಾ ಈಗ?"

"ಏನು ಹೇಳಿದೆ?"

"ನನ್ನ ವಿಷಯ!"

ಅವನು ಅವಳನ್ನೇ ನೋಡಿದ. "ನಿನ್ನ ವಿಷಯ ಹೇಳೋಕೆ ನಾನ್ಯಾರು? ಮಾತು ಕೊಟ್ಟಿದ್ದೆ."

"ಮತ್ತೆ... ಏನಂದೆ ಅಲ್ಲಿ?"

"ನಾನೇ ಉತ್ತರ ಹೇಳ್ತಿದ್ದೆ, ಹೇಳು ಅಂತ ಅವಳು ಕೇಳಿರ್ಲಿಲ್ಲ ಅಂದೆ. ನಿನ್ನನ್ನ ಬಿಟ್ಟಿದ್ದಾರೆ. ನೀನು ಪರೀಕ್ಷೆ ಮತ್ತೆ ಬರೀಬಹುದು."

"ನಿನಗೆ?"

ಅವನು ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದ. ತಿರುಚಿದ ಬಟ್ಟೆಯಿಂದ ನೀರು ಇಬ್ಬರ ಪಾದದ ಮೇಲೂ ಸುರಿಯಿತು.

"ನಿನಗೇನು ಅಂತ ಕೇಳ್ದೆ!"

"ಡಿಬಾರ್. ಇವತ್ತು ಸಂಜೆ ಪ್ರಿನ್ಸಿಪಾಲ್ ಸೈನ್ ಆಗುತ್ತೆ. ಅಪ್ಪ ಮಾತಾಡೋದು ಬಿಟ್ಟಿದ್ದಾರೆ. ನಾಳೆ ಬೆಳಿಗ್ಗೆ ಮಾವನ ಊರಿಗೆ ಹೋಗ್ತಿದ್ದೀನಿ, ಅವರ ಗೋಡೌನಲ್ಲಿ ಕೆಲಸಕ್ಕೆ."

ಅವಳ ಕೈಯಿಂದ ಬಟ್ಟೆ ಜಾರಿತು. ಒಗೆದ ಬಟ್ಟೆ ಮತ್ತೆ ಮಣ್ಣುಪಾಲು.

'ನನ್ನ ನಾಚಿಕೆ ಉಳಿಸೋಕೆ ಇವನು ತನ್ನ ಓದನ್ನೇ ಕಳ್ಕೊಂಡ... ನಾನು ಇವನನ್ನೇ ಬೈಕೊಂಡು ಕೂತಿದ್ದೆ!'

"ನಿನಗೆ ತಲೆ ಕೆಟ್ಟಿದ್ಯಾ? ಅವಳಿಗೆ ಓದೋಕಾಗಲ್ಲ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲೋ!"

"ಆ ಒಂದು ಮಾತಿಗೆ ನೀನು ಎಷ್ಟು ಹೆದರ್ತೀಯ ಅಂತ ನಂಗೊತ್ತು." ಅವನು ಬಾಗಿ ಬಟ್ಟೆ ಎತ್ತಿಕೊಂಡ. "ಇಷ್ಟ ಕಣೇ ನೀನಂದ್ರೆ... ಇವತ್ತು ಹೇಳಬಾರದಿತ್ತೇನೋ. ಹೋಗೋನು ಹೇಳಿ ಏನುಪಯೋಗ?"

ಅವಳಿಗೆ ಅಳುವೂ ಬರಲಿಲ್ಲ. ಒಳಗೆಲ್ಲ ಬರಿದಾದ ಹಾಗಿತ್ತು. ಸೆರಗಿಗೆ ಕೈಯೊರೆಸುತ್ತ ಬಂದ ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಓದು ಅಂದ್ರೆ ಓಡ್ತಾಳೆ ಅಂತ ನಾನೂ ಇವಳಿಗೆ ಎಷ್ಟು ಬಾರಿಸಿದ್ದೀನೋ..." ಅತ್ತೆ ಅವಳ ಹತ್ತಿರ ಬಂದಳು. "ನಂಗಾದ್ರೂ ಹೇಳಬಾರದಿತ್ತೇನೇ?"

ಅವಳು ಒಳಗೆ ಓಡಿ ಫೋನ್ ತಂದು ಆನ್ ಮಾಡಿದಳು. ಮೊದಲ ವರ್ಷದ ಆ ಪತ್ರ ಹಾಗೇ ಇತ್ತು. ಫೋನನ್ನು ಬಾಯಿಗೆ ಹಿಡಿದು, ಅತ್ತೆಯ ಎದುರಿಗೇ, ಅವನಿಗೆ ಬೆನ್ನು ಮಾಡಿ ನಿಂತು ಇನ್ನಷ್ಟು ಸಾಲು ಹೇಳಿ ಸೇರಿಸಿದಳು. ದನಿ ಎಷ್ಟು ಮೆಲ್ಲಗಿತ್ತೆಂದರೆ ಅವನಿಗೆ ಏನೂ ಕೇಳಿಸಲಿಲ್ಲ. ಡಾಕ್ಟರಮ್ಮನ ಸರ್ಟಿಫಿಕೇಟಿನ ಫೋಟೋ ಲಗತ್ತಿಸಿದಳು.

"ಓದು," ಎಂದು ಫೋನನ್ನು ಅವನ ಮುಂದೆ ಹಿಡಿದಳು. "ಸರಿ ಇದ್ಯಾ ನೋಡ್ಬೇಕಲ್ಲ."

ಅವನು ಎಂದಿನಂತೆ ಗಟ್ಟಿಯಾಗಿ ಓದತೊಡಗಿದ. "ಪ್ರಿನ್ಸಿಪಾಲ್ ಅವರಿಗೆ. ನನಗೆ ಓದಲು ಕಷ್ಟ. ಹುಟ್ಟಿನಿಂದಲೂ ಇದೆ. ಇದನ್ನು ಮುಚ್ಚಿಟ್ಟಿದ್ದು ನಾನು. ಆ ದಿನ ಅವನು ನನಗೆ ಉತ್ತರ ಹೇಳಲಿಲ್ಲ. ಪ್ರಶ್ನೆ ಓದಿದ, ಅಷ್ಟೇ. ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ..."

ದನಿ ನಿಂತಿತು.

"ಮುಂದೆ ಓದು."

"ಆಗ್ತಿಲ್ಲ... ಅಕ್ಷರ ಎಲ್ಲಾ ಒಂದರ ಮೇಲೊಂದು ಹೋಗ್ತಿದೆ," ಎಂದ ಅವನು ಕಣ್ಣೊರೆಸಿಕೊಳ್ಳುತ್ತ.

"ನಂಗೆ ದಿನಾ ಹಾಗೇ," ಎಂದಳು ಅವಳು ಮೆಲ್ಲಗೆ. "ಬಿಡು, ಆ ಸಾಲು ನಂಗೆ ಬಾಯಿಗೆ ಬರುತ್ತೆ. 'ಇಷ್ಟು ವರ್ಷದಲ್ಲಿ ನಗದೆ ನನಗೆ ಓದಿ ಹೇಳಿದವನು ಅವನೊಬ್ಬನೇ. ಅವನಿಲ್ಲದ ತರಗತಿಗೆ ನಾನೂ ಬರುವುದಿಲ್ಲ.'"

"ಏ... ಇದನ್ನ ಕಳಿಸಿದ್ರೆ ನಾಳೆ ಎಲ್ಲರಿಗೂ ಗೊತ್ತಾಗುತ್ತೆ. ಇಷ್ಟಾದ್ರೂ ಅವರು ನಂಬದೇ ಇರಬಹುದು. ಇಬ್ಬರನ್ನೂ ತೆಗೆದುಹಾಕಬಹುದು."

"ಗೊತ್ತು."

"ಹೆದರಿಕೆ ಆಗ್ತಿಲ್ವಾ?"

"ಆಗ್ತಿದೆ. ಕಳಿಸೋ ಬಟನ್ ಎಲ್ಲಿದೆ ಅಂತಾನೂ ಕಾಣ್ತಿಲ್ಲ. ತೋರಿಸೋ."

ಅವನು ಅವಳ ಒದ್ದೆ ಬೆರಳನ್ನು ಹಿಡಿದು ಆ ಜಾಗದ ಮೇಲಿಟ್ಟ. ಒತ್ತಲಿಲ್ಲ.

ಒತ್ತಿದ್ದು ಅವಳೇ.