ಬಿಳಿ ಚುಕ್ಕೆ

ಗುರುವಾರ ಸಂಜೆ ಐದು ಗಂಟೆ ಐವತ್ತು ನಿಮಿಷಕ್ಕೆ ಆಕೆ ಠಾಣೆಯ ಮೆಟ್ಟಿಲು ಹತ್ತಿದಾಗ ಕಾಲಲ್ಲಿ ಚಪ್ಪಲಿ ಇರಲಿಲ್ಲ. ರೇಸ್ ಕಾರುಗಳ ಇಂಜಿನ್ ಕಟ್ಟುವ ಮೇಸ್ತ್ರಿಯ ಹೆಂಡತಿ. ಎರಡು ಬೀದಿ ಆಚೆಯ ಶೆಡ್ಡಿನಿಂದ ಓಡಿ ಬಂದಿದ್ದಳು. ಇನ್‌ಸ್ಪೆಕ್ಟರ್ ಎದುರಿನ ಕುರ್ಚಿಯ ಬೆನ್ನು ಹಿಡಿದು ನಿಂತು ಒಂದೇ ಉಸಿರಿಗೆ ಹೇಳಿದಳು.

"ನಮ್ಮನೆಯವರು ಹೋಗ್ಬಿಟ್ರು ಸಾರ್. ಶೆಡ್ಡಲ್ಲಿ, ಇಂಜಿನ್ ಮುಂದೇನೇ. ಆಂಬುಲೆನ್ಸಿನವರು ನೋಡಿ ಕೈ ಚೆಲ್ಲಿದ್ರು. ಇಪ್ಪತ್ತೆರಡು ವರ್ಷದಲ್ಲಿ ಅವರು ಷಟರ್ ಮುಚ್ಕೊಂಡು ಇಂಜಿನ್ ಓಡಿಸಿದ್ದನ್ನ ನಾನು ನೋಡಿಲ್ಲ. ಯಾರೋ ಷಟರ್ ಎಳೆದಿದ್ದಾರೆ. ಯಾರು ಎಳೆದ್ರು ಅಂತ ನನಗೆ ಗೊತ್ತಾಗ್ಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಇನ್‌ಸ್ಪೆಕ್ಟರದಾಯಿತು. ಎಂಟು ದಿನದ ಹಿಂದೆ ಶೆಡ್ಡಿನ ಎದುರು ಮಹಡಿಯ ನಿವೃತ್ತ ಗಣಿತದ ಮೇಷ್ಟ್ರು ಸದ್ದಿನ ಬಗ್ಗೆ ದೂರು ಕೊಟ್ಟಿದ್ದರು. ಇನ್‌ಸ್ಪೆಕ್ಟರೇ ಹೋಗಿ, ಜೀಪಿನಿಂದ ಇಳಿಯದೆ, ಮೇಸ್ತ್ರಿಗೆ ಹೇಳಿ ಬಂದಿದ್ದರು: "ಷಟರ್ ಎಳ್ಕೊಂಡು ಮಾಡ್ಕೊಳ್ರಿ. ನಿಮಗೂ ನೆಮ್ಮದಿ, ನಮಗೂ ನೆಮ್ಮದಿ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತು ಒಬ್ಬನ ಪ್ರಾಣ ತೆಗೆಯಿತೇ ಎಂಬುದು ಆ ಕ್ಷಣದಿಂದ ಅವರನ್ನು ಕೊರೆಯತೊಡಗಿತು.

ದೂರು ಬರೆಸಿಕೊಂಡು, ಅಸ್ವಾಭಾವಿಕ ಮರಣವೆಂದು ದಾಖಲಿಸಿ, ಆರೂ ಇಪ್ಪತ್ತೈದಕ್ಕೆ ಸ್ಥಳಕ್ಕೆ ಹೋದರು. ಜೊತೆಗೆ ಹೆಡ್ ಕಾನ್‌ಸ್ಟೇಬಲ್. ಹಿಂದೆ ಠಾಣೆಯ ಜೀಪು ಓಡಿಸುತ್ತಿದ್ದ ಮನುಷ್ಯ. ಜಗತ್ತಿನ ಯಾವ ಕೇಡಿಗೂ ಕಾರ್ಬುರೇಟರೇ ಕಾರಣ ಎನ್ನುತ್ತಿದ್ದುದರಿಂದ ಅವರಿಗೆ 'ಕಾರ್ಬುರೇಟರ್' ಎಂಬ ಅಡ್ಡಹೆಸರು ಅಂಟಿತ್ತು.

"ಇದಕ್ಕೆ ಕಾರ್ಬುರೇಟರೇ ಇಲ್ಲ ಸಾರ್," ಎಂದರು ಅವರು ಶೆಡ್ಡಿನಲ್ಲಿದ್ದ ರೇಸ್ ಕಾರಿನ ಬಾನೆಟ್ಟಿನೊಳಗೆ ಟಾರ್ಚ್ ಬಿಟ್ಟು. "ಇಂಜೆಕ್ಷನ್ನು. ಪೆಟ್ರೋಲ್ ಎಷ್ಟು ಚಿಮ್ಮಿಸ್ಬೇಕು ಅಂತ ಕಂಪ್ಯೂಟರ್ ಲೆಕ್ಕ ಹಾಕತ್ತೆ. ನನ್ನ ವಿದ್ಯೆ ಇಲ್ಲಿ ನಡೆಯಲ್ಲ."

ಶೆಡ್ಡು ಅಡುಗೆಮನೆಗಿಂತ ಚೊಕ್ಕಟವಾಗಿತ್ತು. ಗೋಡೆಯಲ್ಲಿ ಪ್ರತಿ ಸ್ಪ್ಯಾನರ್‌ಗೂ ಅದರದೇ ಗೆರೆ ಬರೆದ ಜಾಗ. ಷಟರಿಗೆ ಒಳಗಿನಿಂದ ಕೊಂಡಿ ಹಾಕಿತ್ತು. ಮನೆಯ ಕಡೆಯ ಬಾಗಿಲಿನಿಂದ ಬಂದ ಹೆಂಡತಿಯೇ ಐದೂವರೆಗೆ ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದ್ದು. ಅಂದರೆ ಷಟರ್ ಎಳೆದವನು ಮೇಸ್ತ್ರಿಯೇ, ಯಾಕೆ ಎಳೆದನೆಂಬುದು ಇನ್‌ಸ್ಪೆಕ್ಟರಿಗೊಬ್ಬರಿಗೇ ಗೊತ್ತು. ಪಂಚನಾಮೆಯಲ್ಲಿ "ಕೊಂಡಿ ಒಳಗಿನಿಂದ ಹಾಕಲ್ಪಟ್ಟಿದೆ" ಎಂದಷ್ಟೇ ಬರೆಸಿದರು.

"ಸಾರ್, ಇಲ್ಲಿ ನೋಡಿ." ಹೆಡ್ ಕಾನ್‌ಸ್ಟೇಬಲ್ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಗೋಡೆಯ ತೂತಿನಿಂದ ಹೊರಗೆ ಹೋಗುವ ದಪ್ಪ ಕೊಳವೆಯೊಂದು ಸೈಲೆನ್ಸರ್ ಬಾಯಿಂದ ಮೊಳ ದೂರದಲ್ಲಿ ಬಿದ್ದಿತ್ತು. "ಹೊಗೆ ಹೊರಗೆ ಹೋಗೋಕೆ ಹೊಸದಾಗಿ ಮಾಡ್ಕೊಂಡಿದ್ದಾರೆ. ದಡ್ಡ ಅಲ್ಲ ಮನುಷ್ಯ. ಇದು ಕಳಚಿದೆ. ತಲೆ ಬಾನೆಟ್ಟೊಳಗಿತ್ತು, ನೋಡಿಲ್ಲ."

ಯಾಕೆ ಕಳಚಿತು? ಎದುರು ಮಹಡಿಯ ಮೇಷ್ಟ್ರು ಉತ್ತರ ಕೊಟ್ಟರು.

"ಮೂರೂವರೆಯಿಂದ ಢಂ ಢಂ ಅಂತ ಸದ್ದು. ಸೈಲೆನ್ಸರ್ ಒಳಗೇ ಸಿಡೀತಿತ್ತು. ನಾಲ್ಕು ಗಂಟೆಗೆ ಒಂದು ದೊಡ್ಡ ಸದ್ದು ಬಂತು, ಏನೋ ಕಿತ್ತು ಬಿದ್ದ ಹಾಗೆ."

"ಕೆಳಗೆ ಹೋಗಿ ನೋಡಿದ್ರಾ?"

"ಇಲ್ಲ. ದೂರು ಕೊಟ್ಟಿದ್ದೆನಲ್ಲ, ಮುಖ ಕೊಡೋಕೆ ಸಂಕೋಚ." ಮೇಷ್ಟ್ರು ಷಟರಿನ ಕಡೆ ನೋಡಿದರು. "ನನ್ನಿಂದ ಆಯ್ತಾ ಸಾರ್?"

ಅದೇ ಪ್ರಶ್ನೆ ಇನ್‌ಸ್ಪೆಕ್ಟರದೂ ಆಗಿತ್ತು.

ಶುಕ್ರವಾರ ಮಧ್ಯಾಹ್ನ ಮರಣೋತ್ತರ ವರದಿ ವಿಷಗಾಳಿಯಿಂದ ಸಾವು ಎಂದಿತು. ಮೂರು ಗಂಟೆಗೆ ಇನ್‌ಸ್ಪೆಕ್ಟರ್ ಷಟರ್ ಪೂರ್ತಿ ಎತ್ತಿಸಿ, ಮೋಟಾರು ವಾಹನ ನಿರೀಕ್ಷಕರ ಎದುರು ಇಂಜಿನ್ ಚಾಲೂ ಮಾಡಿಸಿದರು. ಇಂಜಿನ್ ನಿಂತಲ್ಲೇ ನಿಧಾನಕ್ಕೆ ತಿರುಗುವಾಗ ಇಡೀ ಕಾರು ಚಳಿಜ್ವರ ಬಂದವರಂತೆ ನಡುಗಿತು. ಕಪ್ಪು ಹೊಗೆ, ಕಣ್ಣು ಉರಿಸುವ ಪೆಟ್ರೋಲ್ ವಾಸನೆ.

"ಮಿಕ್ಸ್ಚರ್ ವಿಪರೀತ ರಿಚ್ಚು," ಎಂದರು ನಿರೀಕ್ಷಕರು. "ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ. ಉರಿಯದೆ ಉಳಿದ ಪೆಟ್ರೋಲು ಸೈಲೆನ್ಸರಲ್ಲಿ ಸಿಡಿಯತ್ತೆ, ವಿಷಗಾಳಿನೂ ಹತ್ತರಷ್ಟು. ಆದ್ರೆ ಈ ಮೇಸ್ತ್ರಿ ಕಟ್ಟಿದ ಇಂಜಿನ್ ಹೀಗೆ ಅಂದ್ರೆ ನಾನು ನಂಬಲ್ಲ."

ಮೂಲೆಯಲ್ಲಿ ಮೇಸ್ತ್ರಿಯ ಮಗಳು ನಿಂತಿದ್ದಳು. ಭಾನುವಾರ ಈ ಕಾರನ್ನು ರೇಸಿನಲ್ಲಿ ಓಡಿಸಬೇಕಾಗಿದ್ದವಳು ಅವಳೇ. ಹೋದ ವರ್ಷ ಕಾರು ಮಗುಚಿ ಎಡಗಾಲಿಗೆ ರಾಡ್ ಹಾಕಿಸಿಕೊಂಡವಳು.

"ಸೋಮವಾರ ಸರಿಯಾಗಿತ್ತು ಅಂಕಲ್. ಮಂಗಳವಾರ ಬೆಳಿಗ್ಗೆ ಹೀಗಾಯ್ತು. ಅಪ್ಪ ಮೂರು ದಿನ ಒಂದೊಂದೇ ಬಿಚ್ಚಿದ್ರು. ಪ್ಲಗ್ಗು, ಇಂಜೆಕ್ಟರು, ಸೆನ್ಸರು, ಎಲ್ಲಾ."

"ಎಲ್ಲಾ ಅಂತ ಹೇಗೆ ಗೊತ್ತು?"

"ಚುಕ್ಕೆ ನೋಡಿ." ಅವಳು ಇಂಜಿನ್ನಿನ ಮೇಲೆ ಬೆರಳಿಟ್ಟಳು. "ನಮ್ಮ ಶೆಡ್ಡಲ್ಲಿ ನಟ್ಟು, ಕ್ಲಿಪ್ಪು ಬಿಗಿದವರು ಅದರ ಮೇಲೆ ಬಣ್ಣದ ಚುಕ್ಕೆ ಇಡ್ಲೇಬೇಕು. ಅಪ್ಪಂದು ಹಳದಿ, ನಂದು ಕೆಂಪು, ಅಮ್ಮಂದು ಬಿಳಿ. ಯಾರ ಕೈ ಕೊನೇದು ಅಂತ ಗೊತ್ತಾಗ್ಬೇಕಲ್ಲ. ಚುಕ್ಕೆ ಇಡದೆ ಎದ್ರೆ ಅವತ್ತು ಊಟ ಇಲ್ಲ ಅಂತಿದ್ರು ಅಪ್ಪ."

"ಅಮ್ಮನೂ ಕೆಲಸ ಮಾಡ್ತಾರಾ?"

"ಅಪ್ಪನಿಗಿಂತ ನೀಟು. ಆದ್ರೆ ನಂಗೆ ಆ್ಯಕ್ಸಿಡೆಂಟ್ ಆದ್ಮೇಲೆ ಶೆಡ್ಡಿಗೆ ಕಾಲಿಟ್ಟಿಲ್ಲ."

ನಿರೀಕ್ಷಕರು ಗೇಜು ಹಾಕಿ ಪೆಟ್ರೋಲಿನ ಒತ್ತಡ ನೋಡಿದರು. ಇಂಜಿನ್ ನಿಧಾನಕ್ಕೆ ತಿರುಗುವಾಗ ತೆಳು ರಬ್ಬರ್ ಕೊಳವೆಯೊಂದರ ಮೂಲಕ ಗಾಳಿ ಹೀರಿ ಆ ಒತ್ತಡವನ್ನು ತಗ್ಗಿಸಬೇಕು. ಮುಳ್ಳು ಕೆಳಗಿಳಿಯಲೇ ಇಲ್ಲ; ಅದಕ್ಕೇ ಪೆಟ್ರೋಲ್ ಅಗತ್ಯಕ್ಕಿಂತ ಹೆಚ್ಚು ಚಿಮ್ಮುತ್ತಿತ್ತು. "ಇದು ಕಂಪ್ಯೂಟರಿಗೂ ಕಾಣಲ್ಲ," ಎನ್ನುತ್ತ ಅವರು ಆ ಕೊಳವೆಯ ಕ್ಲಿಪ್ಪಿಗೆ ಕೈ ಹಾಕಿದರು.

ಸುತ್ತಲೂ ಹೊಸ ಹಳದಿ ಚುಕ್ಕೆಗಳು. ಆ ಕ್ಲಿಪ್ಪಿನ ಮೇಲೆ ಮಾತ್ರ ಒಂದು ಬಿಳಿ ಚುಕ್ಕೆ, ಹಾಲಿನಷ್ಟು ಹೊಸದು. ಕೊಳವೆ ಬಿಚ್ಚಿ ಒದರಿದಾಗ ಅದನ್ನು ಒಳಗಿನಿಂದ ಅಡ್ಡಗಟ್ಟಿದ್ದ ಒಂದು ಉಕ್ಕಿನ ಗುಂಡು ಅಂಗೈಗೆ ಬಿತ್ತು. ಸೈಕಲ್ ಬೇರಿಂಗಿನದು, ಬಟಾಣಿಗಿಂತ ಸಣ್ಣದು.

ಮಗಳು ಮನೆಯ ಕಡೆಯ ಬಾಗಿಲಿನತ್ತ ತಿರುಗಿದಳು. ಯಾರೂ ಅವಳಿಗೆ ಏನೂ ಹೇಳಬೇಕಾಗಲಿಲ್ಲ. ತಮ್ಮ ಮಾತಲ್ಲದೆ ಬೇರೆ ಕಾರಣ ಸಿಗಲಿ ಎಂದು ನಿನ್ನೆಯಿಂದ ಒಳಗೊಳಗೇ ಬೇಡಿಕೊಂಡಿದ್ದ ಇನ್‌ಸ್ಪೆಕ್ಟರಿಗೆ ಅದು ಸಿಕ್ಕಿತ್ತು, ಮತ್ತು ಸಿಗದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ನಾಲ್ಕೂ ನಲವತ್ತಕ್ಕೆ ಅಡುಗೆಮನೆಯಲ್ಲಿ, ಮಹಿಳಾ ಕಾನ್‌ಸ್ಟೇಬಲ್ ಸಮ್ಮುಖದಲ್ಲಿ, ಮೇಜಿನ ಮೇಲೆ ಗುಂಡನ್ನು ಇಟ್ಟರು. ಮೇಸ್ತ್ರಿಯ ಹೆಂಡತಿ ಅದನ್ನು ನೋಡಿ ಕೂತುಬಿಟ್ಟಳು.

"ಯಾವಾಗ ಹಾಕಿದ್ದು?"

"ಸೋಮವಾರ ಸಂಜೆ. ಅವರು ಟೈರ್ ತರೋಕೆ ಹೋದಾಗ."

"ಯಾಕಮ್ಮಾ?"

"ಕಾರು ಕೈ ಕೊಟ್ರೆ ಭಾನುವಾರ ಇವಳು ಹೋಗಲ್ಲ ಅಂತ. ಒಂದೇ ಒಂದು ಭಾನುವಾರ ಸಾರ್. ಹೋದ ವರ್ಷ ಮಗಳನ್ನ ತಗಡು ಕತ್ತರಿಸಿ ಹೊರಗೆ ತೆಗೆದ್ರು, ನಾನು ನೋಡ್ತಾ ನಿಂತಿದ್ದೆ. ಬೇಡ ಅಂತ ಇಬ್ಬರಿಗೂ ಕಾಲು ಹಿಡಿದು ಹೇಳ್ದೆ, ಕೇಳ್ಲಿಲ್ಲ." ಆಕೆ ತಲೆ ಎತ್ತಿದಳು. "ಆದ್ರೆ ಷಟರ್? ಷಟರ್ ತೆಗೆದಿದ್ರೆ ಏನೂ ಆಗ್ತಿರ್ಲಿಲ್ಲ. ಅದನ್ನ ಯಾರು..."

"ನಾನು," ಎಂದರು ಇನ್‌ಸ್ಪೆಕ್ಟರ್. "ನಾನೇ ಹೇಳಿದ್ದೆ, ಎಳ್ಕೊಳ್ರಿ ಅಂತ."

ಆಕೆ ಬಯ್ಯುತ್ತಾಳೆಂದು ಅವರು ಕಾದರು. ಬಯ್ಯಲಿಲ್ಲ. ಷಟರ್ ಎಳೆದವನ ತಪ್ಪು ಎಂದು ಸಾಧಿಸಲು ಚಪ್ಪಲಿ ಇಲ್ಲದೆ ಓಡಿ ಬಂದಿದ್ದವಳಿಗೆ ಈಗ ಅದರಿಂದ ಏನೂ ಸಮಾಧಾನ ಸಿಗಲಿಲ್ಲ.

"ಬಿಳಿ ಚುಕ್ಕೆ ಯಾಕಿಟ್ರಿ? ಇಡದಿದ್ರೆ ನಿಮ್ಮ ಕೈ ಅಂತ ಗೊತ್ತೇ ಆಗ್ತಿರ್ಲಿಲ್ಲ."

"ಇಟ್ಟೆನಾ?" ಆಕೆ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. ನಿಜಕ್ಕೂ ನೆನಪಿರಲಿಲ್ಲ. ಇಪ್ಪತ್ತು ವರ್ಷ ಬಿಗಿದು ಚುಕ್ಕೆ ಇಟ್ಟ ಕೈ, ಅವಳನ್ನು ಕೇಳದೆಯೇ ಇಟ್ಟಿತ್ತು.

ಸಂಜೆ ಐದೂ ಹದಿನೈದಕ್ಕೆ ಬಂಧನ ದಾಖಲಾಯಿತು. ಎಫ್‌ಐಆರ್‌ನಲ್ಲಿ ಕೊಲೆ ಎಂಬ ಪದವಿಲ್ಲ, ನಿರ್ಲಕ್ಷ್ಯದ ಕೃತ್ಯದಿಂದ ಮರಣ ಎಂದಿದೆ. ಮಗಳು ತಾಯಿಯ ಚಪ್ಪಲಿ ತಂದು ಕಾಲ ಬಳಿ ಇಟ್ಟಳು, ಮುಖ ನೋಡಲಿಲ್ಲ. ಜೀಪು ಹತ್ತುವ ಮುನ್ನ ಆಕೆ ಒಂದೇ ಮಾತು ಕೇಳಿದಳು.

"ಅವರ ಕೈಗೆ ಅದು ಅರ್ಧ ಗಂಟೆ ಕೆಲಸ ಸಾರ್. ಭಾನುವಾರಕ್ಕೆ ಮುಂಚೆ ಸಿಕ್ಕಿಬಿಟ್ರೆ ಜಗಳ ಆಡೋಣ, ನಾನೇ ಅಂತ ಒಪ್ಕೊಳ್ಳೋಣ ಅಂದ್ಕೊಂಡಿದ್ದೆ. ಮೂರು ದಿನ ಹುಡುಕಿದ್ರೂ ಯಾಕೆ ಸಿಗ್ಲಿಲ್ಲ?"

ಠಾಣೆಗೆ ಬಂದು ಇನ್‌ಸ್ಪೆಕ್ಟರ್, ಷಟರಿನ ಬಗ್ಗೆ ತಾವು ಆಡಿದ ಮಾತನ್ನು ದಿನಾಂಕ ಸಮೇತ ಕೇಸ್ ಡೈರಿಯಲ್ಲಿ ಬರೆದು ಸಹಿ ಮಾಡಿದರು. ಹೆಡ್ ಕಾನ್‌ಸ್ಟೇಬಲ್ ಓದಿ, ಜಪ್ತಿಯಾದ ಮೇಸ್ತ್ರಿಯ ನೋಟ್‌ಬುಕ್ಕನ್ನು ಮುಂದೆ ತಳ್ಳಿದರು. ಮಂಗಳವಾರದ ಪುಟ. ಪ್ಲಗ್ಗು ನೋಡಿದೆ, ಇಂಜೆಕ್ಟರ್ ನೋಡಿದೆ ಎಂಬ ಸಾಲುಗಳ ಕೆಳಗೆ, ಪೆನ್ಸಿಲ್ಲಿನಲ್ಲಿ ಗುಂಡಾದ ಅಕ್ಷರಗಳು:

"ಒತ್ತಡದ ಕೊಳವೆಗೆ ಹೊಸ ಬಿಳಿ ಚುಕ್ಕೆ. ಅವಳು ಮತ್ತೆ ಶೆಡ್ಡಿಗೆ ಬಂದಿದ್ದಾಳೆ! ಕೇಳಿದರೆ ನಾಚಿಕೊಂಡು ಬಿಟ್ಟುಬಿಡುತ್ತಾಳೆ, ಕೇಳುವುದು ಬೇಡ. ಅವಳು ಬಿಗಿದದ್ದನ್ನು ಬಿಚ್ಚುವುದೂ ಬೇಡ."