ತೊಂಬತ್ತು ಸೆಕೆಂಡು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಠಾಣೆಯ ಫೋನ್ ಹೊಡೆದುಕೊಂಡಿತು. ಸಂಶೋಧನಾ ಕೇಂದ್ರದ ಉಗ್ರಾಣ ನೋಡಿಕೊಳ್ಳುವ ಹೆಂಗಸು ಏದುಸಿರು ಬಿಡುತ್ತಿದ್ದರು. ಎರಡನೇ ಮಹಡಿಯ ಪ್ರಯೋಗಾಲಯದಲ್ಲಿ ಮುಖ್ಯಸ್ಥರ ಕೊಲೆಯಾಗಿದೆ, ಗ್ಯಾಸ್ ಸಿಲಿಂಡರ್ ತರುವವನು ಸಿಕ್ಕಿಬಿದ್ದಿದ್ದಾನೆ, ಬೇಗ ಬನ್ನಿ, ಇಲ್ಲದಿದ್ದರೆ ಸಂಶೋಧನೆಯ ಹುಡುಗರು ಅವನನ್ನೂ ಮುಗಿಸಿಬಿಡುತ್ತಾರೆ ಎಂದರು.

ಇನ್‌ಸ್ಪೆಕ್ಟರ್ ಮತ್ತು ದಫೇದಾರರು ಹತ್ತು ನಿಮಿಷದಲ್ಲಿ ತಲುಪಿದರು. ಸಿಲಿಂಡರಿನವನು ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ. ಮುಂದಿನ ಎರಡು ಹಲ್ಲು ಉದುರಿದ್ದವು, ಎಡಗಣ್ಣಿನಿಂದ ರಕ್ತ ಸೋರುತ್ತಿತ್ತು. ಓದಿದವರ ಒದೆ ಮೆತ್ತಗಿರುತ್ತದೆ ಎಂದುಕೊಂಡವರು ಬಂದು ನೋಡಬೇಕಿತ್ತು.

"ನಾನಲ್ಲ ಸಾರ್, ನನ್ನ ಮಕ್ಕಳಾಣೆ. ಬಾಗಿಲು ತೆಗೆದೆ, ಅವರು ಬಿದ್ದಿದ್ರು. ಎತ್ತೋಕೆ ಹೋದೆ, ಮೈಯೆಲ್ಲ ರಕ್ತ ಆಯ್ತು."

"ನಿನ್ನೆ ಅವರ ಜೊತೆ ಜಗಳ ಆಡಿದ್ಯಂತೆ?"

"ತಡ ಮಾಡಿದೆ ಅಂತ ಬೈದ್ರು, ನಾನೂ ಬೈದೆ. ಅಷ್ಟಕ್ಕೆ ಯಾರಾದ್ರೂ ಕೊಲ್ತಾರಾ?"

ಅವನನ್ನು ಆಸ್ಪತ್ರೆಗೆ ಕಳಿಸಿ ಕಾವಲಿಗೆ ಕಾನ್‌ಸ್ಟೇಬಲ್ ಹಾಕಿದರು. ಜಗಳ, ರಕ್ತ, ಜಾಗ ಎಲ್ಲವೂ ಅವನ ಕಡೆಗೇ ಬೆರಳು ಮಾಡುತ್ತಿದ್ದವು. ಬೇರೇನೂ ಸಿಗದಿದ್ದರೆ ಎಫ್‌ಐಆರ್‌ನಲ್ಲಿ ಅವನ ಹೆಸರೇ ಬೀಳುವುದು ಗ್ಯಾರಂಟಿ.

3.45ಕ್ಕೆ ಪಂಚನಾಮೆ ಶುರುವಾಯಿತು. ಮುಖ್ಯಸ್ಥರು ಬೋರಲು ಬಿದ್ದಿದ್ದರು. ತಲೆಯ ಹಿಂಭಾಗಕ್ಕೆ ಐದು ಏಟು. ಬುರುಡೆ ಒಳಗೆ ಕುಸಿದಿತ್ತು. ಸಿಲಿಂಡರ್ ಬಿಚ್ಚುವ ಸ್ಪ್ಯಾನರ್ ಪಕ್ಕದಲ್ಲಿತ್ತು, ಅದಕ್ಕೆ ಕೂದಲು ಅಂಟಿತ್ತು. ರಕ್ತ ಟ್ಯೂಬ್‌ಲೈಟಿನವರೆಗೂ ಸಿಡಿದಿತ್ತು. ದಫೇದಾರರು ಒಮ್ಮೆ ಕಿಟಕಿಯ ಹತ್ತಿರ ಹೋಗಿ ಉಸಿರೆಳೆದುಕೊಂಡು ಬಂದರು.

ಮೇಜಿನ ಮೇಲೆ ಹಳದಿ ದ್ರಾವಣದ ಬೀಕರ್, ಒಂದು ಬಾಟಲಿ, ಒಂದು ಚಿಮಟ, ಒಣಗಲು ಇಟ್ಟ ಸಣ್ಣ ಗಾಜಿನ ಚೂರು. ಗಾಜಿನ ಮೇಲೆ ತಿಳಿನೀಲಿ ಪದರ. ಇನ್‌ಸ್ಪೆಕ್ಟರ್ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಆ ಕೋಣೆಯಲ್ಲಿ ಕೆಲಸ ಮಾಡುವ ಹಿರಿಯ ಸಹಾಯಕನನ್ನು ಕರೆಸಿದರು. ಸದಾ ಟೈಮರ್ ನೋಡುತ್ತಿರುತ್ತಾನೆಂದು ಹುಡುಗರು ಆತನಿಗೆ ಸೆಕೆಂಡಣ್ಣ ಎಂದು ಹೆಸರಿಟ್ಟಿದ್ದರು. ಒಂದೂವರೆಗೆ ಊಟಕ್ಕೆ ಮನೆಗೆ ಹೋದವನು ಮೂರಕ್ಕೇ ಬಂದದ್ದು ಎಂದ.

"ಇಲ್ಲೇನು ಕೆಲಸ?"

"ವಿದ್ಯುತ್ ಹರಿಸೋ ಪ್ಲಾಸ್ಟಿಕ್ ಪದರ ಮಾಡ್ತೀವಿ ಸಾರ್. ಬರೀ ಪದರದಲ್ಲಿ ಸರಿಯಾಗಿ ಹರಿಯಲ್ಲ, ಡೋಪಿಂಗ್ ಮಾಡ್ಬೇಕು."

"ಓಟದವರು ಸಿಕ್ಕಿಬೀಳ್ತಾರಲ್ಲ, ಅದಾ?" ದಫೇದಾರರು ಕೇಳಿದರು.

"ಅಯ್ಯೋ ಅಲ್ಲ. ಇನ್ನೊಂದು ರಾಸಾಯನಿಕವನ್ನ ಒಂಚೂರು ಪದರದೊಳಗೆ ಸೇರಿಸೋದು. ಎರಡನ್ನೂ ಮೊದಲೇ ಬೆರೆಸಿ ಗಾಜಿಗೆ ಬಳೀಬಹುದು, ಆದ್ರೆ ಗಂಟು ಕಟ್ಟುತ್ತೆ. ಇಲ್ಲಿ ಮೊದಲು ಪದರ ಮಾಡಿ ಒಣಗಿಸಿ, ಆಮೇಲೆ ಆ ರಾಸಾಯನಿಕದ ದ್ರಾವಣದಲ್ಲಿ ಅದ್ದುತ್ತೀವಿ. ನೇರಳೆ ಇದ್ದದ್ದು ತಿಳಿನೀಲಿ ಆಗುತ್ತೆ." ಆತನ ಮುಖ ಅರಳಿತ್ತು. ಹೆಣ ಅಲ್ಲೇ ಇದೆ ಎಂಬುದೂ ಮರೆತಂತಿತ್ತು.

"ಎಷ್ಟು ಹೊತ್ತು ಅದ್ದಬೇಕು?"

"ತೊಂಬತ್ತು ಸೆಕೆಂಡು. ಟೈಮರ್ ಕೂಗಿದ ತಕ್ಷಣ ಎತ್ತಿ ತೊಳೀಬೇಕು. ಬಿಟ್ರೆ ಕೆಟ್ಟೋಯ್ತು."

"ಮುಖ್ಯಸ್ಥರೂ ಮಾಡ್ತಿದ್ರಾ?"

"ಅವರಾ? ಚಿಮಟ ಮುಟ್ಟಿ ಹತ್ತು ವರ್ಷ ಆಯ್ತು."

"ಮತ್ಯಾರಿಗೆ ಬರುತ್ತೆ?"

"ನನ್ನ ಬಿಟ್ರೆ ಯಾರಿಗೂ ಬರಲ್ಲ."

"ಚಿಮಟದ ಮೇಲೆ ರಕ್ತದ ಬೆರಳಚ್ಚು ಇದೆ. ತೊಳೆಯೋ ಬಾಟಲಿ ಮೇಲೂ ಇದೆ. ರಕ್ತ ಬಿದ್ದ ಮೇಲೆ ಯಾರೋ ಗಾಜು ಎತ್ತಿ, ತೊಳೆದು, ಒಣಗಲಿ ಅಂತ ಇಟ್ಟಿದ್ದಾರೆ. ಸಿಲಿಂಡರಿನವನಿಗೆ ಆ ಉಸಾಬರಿ ಯಾಕೆ ಬೇಕಿತ್ತು?"

ಸೆಕೆಂಡಣ್ಣ ಬೀಕರನ್ನು ಮೇಜಿಗೆ ಅಪ್ಪಳಿಸಿ, ಒಡೆದ ಅಂಚಿನಿಂದ ಇನ್‌ಸ್ಪೆಕ್ಟರರ ಕುತ್ತಿಗೆಗೇ ಬೀಸಿದ. ಅಡ್ಡ ಬಂದ ದಫೇದಾರರ ಅಂಗೈ ಮೂಳೆ ಕಾಣುವಷ್ಟು ಸೀಳಿತು. ಇನ್‌ಸ್ಪೆಕ್ಟರ್ ಅವನ ಮಣಿಕಟ್ಟನ್ನು ಮೇಜಿನ ಅಂಚಿಗೆ ಮೂರು ಸಲ ಜಜ್ಜಿದ ಮೇಲೆ ಗಾಜು ಬಿತ್ತು. ಬಂಧನದ ಸಮಯ 4.25.

ಬೆರಳಚ್ಚು ಅವನದೇ. ಸಂಜೆ ಆಸ್ಪತ್ರೆಯಲ್ಲಿ ಕಾವಲು ತೆಗೆಸಲು ಇನ್‌ಸ್ಪೆಕ್ಟರ್ ತಾವೇ ಹೋದರು. ವೈದ್ಯರು ಎಡಗಣ್ಣಿನ ಆಸೆ ಬಿಡಿ ಎಂದಿದ್ದರು. ನಿನ್ನ ಗಂಡನ ಮೇಲೆ ಯಾವ ಕೇಸೂ ಇಲ್ಲಮ್ಮ ಎಂದಾಗ ಸಿಲಿಂಡರಿನವನ ಹೆಂಡತಿ ತಲೆ ಎತ್ತಲಿಲ್ಲ.

"ಹೊಡೆದೋರ ಮೇಲಾದ್ರೂ ಹಾಕ್ತೀರಾ?"

ಹಾಕುತ್ತೇನೆ ಎಂದರು ಇನ್‌ಸ್ಪೆಕ್ಟರ್. ಅಲ್ಲೇ ಕೂತು ದೂರು ಬರೆದುಕೊಂಡರು.

7.30ಕ್ಕೆ ಆರೋಪಿಯ ಹೇಳಿಕೆ. ಅದ್ದುವ ವಿಧಾನವನ್ನು ಎಂಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹದಕ್ಕೆ ತಂದವನು ಅವನು. ಅದರ ಪ್ರಬಂಧ ಮುಖ್ಯಸ್ಥರ ತಂಗಿಯ ಮಗನ ಹೆಸರಲ್ಲಿ ಹೋಗಿತ್ತು. ಗಾಜು ಬೀಕರಿನಲ್ಲಿದ್ದಾಗ, ಯಾಕೆ ಹೀಗೆ ಮಾಡಿದಿರಿ ಎಂದು ಮುಖ್ಯಸ್ಥರನ್ನು ಕೇಳಿದ. "ಅದ್ದೋದು ತಾನೇ, ಯಾರು ಬೇಕಾದ್ರೂ ಅದ್ದುತ್ತಾರೆ," ಎಂದು ಅವರು ಬೆನ್ನು ತಿರುಗಿಸಿದರು. ಐದನೇ ಏಟಿಗೆ ಟೈಮರ್ ಕೂಗಿತು. ಸ್ಪ್ಯಾನರ್ ಕೆಳಗಿಟ್ಟು ಗಾಜು ಎತ್ತಿದ. ರಕ್ತದ ಕೋಟು ಚೀಲಕ್ಕೆ ತುರುಕಿ ಮನೆಗೆ ಹೋದದ್ದು ಆಮೇಲೆ.

ಕಾನ್‌ಸ್ಟೇಬಲ್ ಹೇಳಿಕೆಯನ್ನು ಓದಿ ಹೇಳಿದ. ಏಟು, ರಕ್ತ, ಸಾವು, ಯಾವುದಕ್ಕೂ ಅವನು ಬಾಯಿ ತೆರೆಯಲಿಲ್ಲ. ಒಂದು ಸಾಲಿಗೆ ಮಾತ್ರ ಕೈ ಎತ್ತಿದ.

"ಬೆರೆಸಿದೆ ಅಂತ ಬರೆದಿದ್ದೀರಿ. ತಪ್ಪು. ಬೆರೆಸೋದು ಬೇರೆಯವರ ವಿಧಾನ. ನಾನು ಅದ್ದಿದೆ."

ಕಾನ್‌ಸ್ಟೇಬಲ್ ಇನ್‌ಸ್ಪೆಕ್ಟರರ ಮುಖ ನೋಡಿದ. ಅವರು ತಲೆಯಾಡಿಸಿದರು. ಪದ ಹೊಡೆದುಹಾಕಿ ತಿದ್ದಿದ ಮೇಲೆಯೇ ಅವನು ಸಹಿ ಹಾಕಿದ್ದು.