ಅಳೆಯುವ ನೆಲ

ನೆಲ ಹಸಿರಾಗಿ ಬೆಳಗಿತು. ಗೋಡೆಯ ಪರದೆಯ ಮೇಲೆ ಅಂಕಿ ಮೂಡಿತು: ನಲವತ್ತೊಂದು.

ಚಂದ್ರವ್ವ ಹಣೆ ಚಚ್ಚಿಕೊಂಡಳು. ಗಂಡನಿಗೆ ಇದು ಎರಡನೆಯ ಅಳತೆ, ಉಳಿದದ್ದು ಒಂದೇ. ಊನ ಶೇಕಡಾ ಐವತ್ತು ದಾಟಿದ ಮಾಜಿ ಸೈನಿಕನಿಗೆ ಮಾತ್ರ ಸರ್ಕಾರದಿಂದ ಮೆಟ್ಟಿಲಿಲ್ಲದ ಮನೆ, ಕೈಯಿಂದಲೇ ನಡೆಸುವ ಕಾರು.

ಬೆಳಗಾವಿಯ ಸೈನಿಕ ಕಲ್ಯಾಣ ಕಚೇರಿಗೆ ‘ಅಂಗಮಾಪಕ’ ಎಂಬ ಈ ಅಳೆಯುವ ನೆಲ ಬಂದ ಮೇಲೆ ವೈದ್ಯರ ಮಂಡಳಿ ಎದ್ದುಹೋಗಿತ್ತು. ನಾಲ್ಕು ಹೆಜ್ಜೆ ನಡೆದರೆ ಸಾಕು, ಮೂಳೆ ಕೀಲುಗಳ ಮೇಲಿನ ಭಾರವನ್ನು ಓದಿ ದೇಹ ಎಷ್ಟು ಕುಂದಿದೆಯೆಂದು ನೆಲವೇ ಹೇಳುತ್ತಿತ್ತು.

ಆದರೆ ಚಂದ್ರವ್ವನ ಗಂಡ ಹವಾಲ್ದಾರ್ ಭರಮಪ್ಪನಿಗೆ ಒಂದು ಚಾಳಿ. ನೆಲಬಾಂಬಿಗೆ ಎಡಗಾಲು ಹೋಗಿ ಹದಿನೆಂಟು ವರ್ಷವಾದರೂ, ಸರ್ಕಾರಿ ಕೋಣೆಯಲ್ಲಿ ಹೆಸರು ಕೂಗಿದರೆ ಎದೆ ಸೆಟೆಯುತ್ತಿತ್ತು. ಮನೆಯ ಹನ್ನೊಂದು ಮೆಟ್ಟಿಲನ್ನು ಹೆಂಡತಿಯ ಹೆಗಲಿಲ್ಲದೆ ಏರಲಾರದವನು ಇಲ್ಲಿ ಬಾಗಿಲಲ್ಲಿಟ್ಟ ಗಾಲಿಕುರ್ಚಿಯನ್ನು ಆಚೆ ತಳ್ಳಿ, ಪರೇಡಿನಲ್ಲಿದ್ದವನಂತೆ ನಡೆದಿದ್ದ.

“ಯಾವ ಸಾಹೇಬ ನೋಡಾಕತ್ತಾನಂತ ಎದಿ ಉಬ್ಬಸ್ತೀರಿ?” ಎಂದಳು ಚಂದ್ರವ್ವ. “ಮನ್ಯಾಗ ನರಳೂ ಹಂಗ ಇಲ್ಲೂ ಒಂದೀಟು ನರಳ್ರಿ.”

“ನಾಟಕ ಮಾಡ್ಲೇನ?”

“ನಾಟಕ ಈಗ ಮಾಡಾಕತ್ತೀರಿ.”

ಯಂತ್ರವನ್ನು ರೂಪಿಸಿದ ಡಾ. ಶಾಲ್ಮಲಾ ಅಂದು ಅಲ್ಲಿಯೇ ಇದ್ದರು. “ಅವ್ವಾರ, ಈ ನೆಲ ಸುಳ್ಳು ಹೇಳೂದಿಲ್ಲ.”

“ನಮ್ಮ ಮನಿ ಮೆಟ್ಲಗೋಳೂ ಹೇಳೂದಿಲ್ರಿ ಬಾಯಾರ. ಅವನ್ನ ಯಾರೂ ಕೇಳವಲ್ರು.”

ಮೂರನೆಯ ಅಳತೆ. ಭರಮಪ್ಪ ಮತ್ತೆ ಸೆಟೆದು ನಡೆದ. ತಿರುಗುವಾಗ ಕೃತಕ ಕಾಲು ಜಾರಿತು. ಚಂದ್ರವ್ವ ಆ ನೆಲದ ಮೇಲೇ ಓಡಿಹೋಗಿ ಹೆಗಲು ಕೊಟ್ಟಳು. ನೆಲ ಕೆಂಪಾಯಿತು: ಅರವತ್ಮೂರು.

“ಬಂತಲ್ರಿ,” ಎಂದಳು ಅವಳು, ಏದುಸಿರು ಬಿಡುತ್ತ.

ಶಾಲ್ಮಲಾ ಪರದೆಯನ್ನೇ ನೋಡಿದರು. ಬಾಗಿದ ಬೆನ್ನೆಲುಬು, ಸವೆದ ಬಲಹೆಗಲು, ಎರಡೂ ಮೊಣಕಾಲು. “ಇದು ಅವರದಲ್ಲ, ಅವ್ವಾರ. ನಿಮ್ಮದು.” ಅಂಕಿಯ ಕೆಳಗೆ ಯಂತ್ರ ಬರೆದಿತ್ತು: ‘ಸೇವಾ ಸಂಖ್ಯೆ ಇಲ್ಲ. ಅನರ್ಹ.’

ಭರಮಪ್ಪ ಅದನ್ನು ಎರಡು ಸಲ ಓದಿದ. ಎದೆ ಇಳಿಯಿತು. ಅಲ್ಲೇ ಕುಸಿದು ಕೂತ. ಇಷ್ಟು ವರ್ಷ ಬಿಗಿಹಿಡಿದಿದ್ದ ಸೊಂಟದ ಸ್ನಾಯುಗಳು ನಡುಗತೊಡಗಿದವು. ಅಳತೆ ಇನ್ನೂ ಮುಗಿದಿರಲಿಲ್ಲ. ನೆಲ ಅದನ್ನೂ ಓದಿತು. ಅವನ ಹೆಸರಿನ ಮುಂದಿನ ಅಂಕಿ ಐವತ್ತೆರಡಾಯಿತು, ಅರವತ್ತೆಂಟಾಯಿತು, ಎಪ್ಪತ್ನಾಲ್ಕಕ್ಕೆ ನಿಂತಿತು.

“ಮನಿ ಬಂತು, ಕಾರೂ ಬಂತು,” ಎಂದರು ಶಾಲ್ಮಲಾ, ಮೆಲ್ಲಗೆ.

ಅವನು ಅರವತ್ಮೂರರತ್ತ ಬೆರಳು ತೋರಿಸಿದ. “ಇದಕ್ಕ ಏನ ಬರ್ತೈತ್ರಿ?”



“ಸಾಕು, ಏಳ್ರಿ,” ಎಂದು ಚಂದ್ರವ್ವ ರೂಢಿಯಂತೆ ಹೆಗಲು ಬಗ್ಗಿಸಿದಳು.

ಭರಮಪ್ಪ ಅದರ ಮೇಲೆ ಕೈಯಿಡಲಿಲ್ಲ. “ಬಾಯಾರ,” ಎಂದ, “ಬಾಗಲದಾಗಿನ ಆ ಗಾಲಿಕುರ್ಚಿ ತರಸ್ರಿ.”